ಮೊದಲ ಏಟಿನ ನೆರಳು

ನನಗೆ ಜ್ವರ ಬಂದರೆ ನನಗಿಂತ ಮೊದಲು ಗೊತ್ತಾಗುವುದು ಬಸ್ ನಿಲ್ದಾಣದ ಆಟೋದವರಿಗೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವಷ್ಟರಲ್ಲಿ ಒಬ್ಬ ಬಂದು ಬಾಗಿಲು ಬಡಿಯುತ್ತಾನೆ. "ಟೀಚರಮ್ಮಾ, ನೆರಳು ಯಾಕೋ ತೆಳ್ಳಗಾಗಿದೆ. ಮಾತ್ರೆ ಗೀತ್ರೆ ತಗೊಂಡ್ರಾ?" ಅನ್ನುತ್ತಾನೆ. ನನ್ನ ಮೇಲಿನ ಪ್ರೀತಿಯೇನಲ್ಲ ಬಿಡಿ. ಅವನ ಆಟೋದ ಸೀಟು ಬಿಸಿಲಿಗೆ ಕಾಯುತ್ತದೆ, ಅಷ್ಟೇ.

ಬಸ್ ನಿಲ್ದಾಣದಲ್ಲಿ ಹುಣಸೆ ಮರ ಇಲ್ಲ. ಅದನ್ನು ಕಡಿದು ಐವತ್ತೈದು ವರ್ಷವಾಯಿತು. ನೆರಳು ಮಾತ್ರ ಇದೆ. ನಮ್ಮ ಊರಿನಲ್ಲಿ ಮರ ಹೋದರೂ ನೆರಳು ಹೋಗುವುದಿಲ್ಲ. ಮರಕ್ಕೆ ಮೊದಲ ಏಟು ಹಾಕಿದವರು ಬದುಕಿರುವಷ್ಟು ದಿನ ಅದು ಅಲ್ಲೇ ಬಿದ್ದಿರುತ್ತದೆ, ಅವರು ಕಣ್ಣು ಮುಚ್ಚಿದ ಗಳಿಗೆಯಲ್ಲಿ ಹೋಗುತ್ತದೆ. ನಮ್ಮ ಹಿರಿಯರು ಮಹಾ ಬುದ್ಧಿವಂತರು ನೋಡಿ, ಅದಕ್ಕೇ ಮೊದಲ ಏಟನ್ನು ಮಕ್ಕಳ ಕೈಯಲ್ಲಿ ಹಾಕಿಸುವ ಪದ್ಧತಿ ಮಾಡಿಟ್ಟರು. ಹುಣಸೆ ಕಡಿದಾಗ ನನಗೆ ಮೂರು ವರ್ಷ. ಅಪ್ಪ ನನ್ನ ಎರಡೂ ಕೈ ಹಿಡಿದು ಕೊಡಲಿಯ ಹಿಡಿಯ ಮೇಲಿಟ್ಟು ಬೀಸಿದರಂತೆ. ನನಗೆ ನೆನಪಿರುವುದು ಆಮೇಲೆ ಬಾಯಿಗೆ ಹಾಕಿದ ಬೆಲ್ಲದ ಚೂರು ಮಾತ್ರ.

ಪದ್ಧತಿಯಲ್ಲಿ ಇನ್ನೊಂದು ಅಂಶವೂ ಇತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಕೊಡಲಿ ಹಿಡಿದವರು ಏಟು ಹಾಕದೆ ಅದನ್ನು ಮರದ ಬುಡದಲ್ಲಿ ಇಳಿಸಿಟ್ಟರೆ, ಅವರು ಬದುಕಿರುವವರೆಗೆ ಆ ಮರವನ್ನು ಯಾರೂ ಮುಟ್ಟುವಂತಿಲ್ಲ. ಹಾಗೆ ಯಾರಾದರೂ ಇಳಿಸಿದ್ದನ್ನು ಅಜ್ಜಿಯೂ ನೋಡಿರಲಿಲ್ಲ. ಮೂರು ವರ್ಷದ ಕೂಸು ಎಲ್ಲಿಂದ ಇಳಿಸೀತು? ಕೈ ಹಿಡಿದವರು ಬಿಟ್ಟರೆ ತಾನೆ!

ಊರಿಗೆ ಇದರಿಂದ ಅನುಕೂಲವೇ ಆಯಿತು. ನೆರಳಿದೆ, ಗುಡಿಸಲು ತರಗೆಲೆ ಇಲ್ಲ. ನೆರಳಿದೆ, ಅಂಗಿಯ ಮೇಲೆ ಕಾಗೆ ಹಿಕ್ಕೆ ಹಾಕುವುದಿಲ್ಲ. ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದಿಲ್ಲ. ಮರ ಇದ್ದ ಜಾಗದಲ್ಲಿ ಅಂಗಡಿ ಎದ್ದರೆ ಅಂಗಡಿಯ ತಗಡಿನ ಮೇಲೆ ತಣ್ಣಗೆ ನೆರಳು. ಹೆಣ್ಣು ನೋಡಲು ಬಂದವರು ಹುಡುಗಿಯ ಹೆಸರಿನಲ್ಲಿ ಯಾವ ನೆರಳಿದೆ ಎಂದು ವಿಚಾರಿಸುತ್ತಾರೆ. ದೊಡ್ಡ ನೆರಳಿನ ಒಡೆಯರನ್ನು ಬೈಕ್ ಹತ್ತಲು ಬಿಡುವುದಿಲ್ಲ. ಹೋದ ವರ್ಷ ಸಂತೆಮಾಳದ ಆಲದ ನೆರಳಿನ ಮುದುಕಿ ತೀರಿಕೊಂಡಳು. ತರಕಾರಿ ಮಾರುವ ಹೆಂಗಸರು ತಲೆ ಮೇಲೆ ಸೆರಗು ಹೊದ್ದುಕೊಂಡು ಹೋ ಎಂದು ಅತ್ತರು. ಮುದುಕಿಗಾಗಿ ಅತ್ತರೋ ಬಿಸಿಲಿಗೋ, ಅವರನ್ನೇ ಕೇಳಬೇಕು.

ಹೀಗೆ ಕಡಿಯುತ್ತ ಕಡಿಯುತ್ತ ಕೊನೆಗೆ ಉಳಿದದ್ದು ಒಂದೇ ಮರ. ನಮ್ಮ ಶಾಲೆಯ ಅಂಗಳದ ನೇರಳೆ. ನಾನು ಆ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ನನ್ನ ಹೆಸರು ರತ್ನಾವತಿ. ಮಕ್ಕಳು ಹಿಂದಿನಿಂದ ನನ್ನನ್ನು ಮೆಣಸಿನಕಾಯಿ ಮಿಸ್ ಅನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಮೂರು ವರ್ಷದ ಹಿಂದೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಏಳನೇ ತರಗತಿಗೆ ಪರಿಸರ ಪಾಠವನ್ನು ವಿಜ್ಞಾನ ಮತ್ತು ಲೋಕದ ಧರ್ಮಗಳು ಎರಡರ ಮೂಲಕವೂ ಕಲಿಸಬೇಕಂತೆ. ಉಳಿದ ಮೇಷ್ಟರುಗಳು ಮುಖ ತಿರುಗಿಸಿದರು. ನಾನೇ ಮೇಲೆ ಬಿದ್ದು ಒಪ್ಪಿಕೊಂಡೆ. ವಿಜ್ಞಾನ ಹೇಳಿದ್ದನ್ನು ಈ ಊರು ಕೇಳಲಿಲ್ಲ, ದೇವರ ಬಾಯಲ್ಲಾದರೂ ಹೇಳಿಸಿ ನೋಡೋಣ ಅನ್ನುವ ದುರಾಸೆ ನನಗೆ.

ಶುಕ್ರವಾರ ಕೊನೆಯ ಎರಡು ಪೀರಿಯಡ್ಡು ನೇರಳೆ ಮರದ ಕೆಳಗೆ ಪಾಠ. ಮೊದಲ ದಿನ ಎರಡು ಥರ್ಮಾಮೀಟರ್ ತಂದು, ಒಂದನ್ನು ಜೀವಂತ ನೇರಳೆಯ ನೆರಳಿನಲ್ಲೂ ಇನ್ನೊಂದನ್ನು ಗೇಟಿನ ಹತ್ತಿರ ಎಂದೋ ಕಡಿದ ಹೊಂಗೆಯ ನೆರಳಿನಲ್ಲೂ ಇಡಿಸಿದೆ. ಎರಡರಲ್ಲೂ ಮೂವತ್ತೊಂದು. ಹಿಂದಿನ ಸಾಲಿನಿಂದ ಒಬ್ಬ ಕೇಳಿಯೇಬಿಟ್ಟ, "ಹಾಗಾದ್ರೆ ಮರ ಯಾಕೆ ಮಿಸ್?" ಮುಂದಿನ ವಾರ ತೋರಿಸುತ್ತೇನೆ ಅಂದೆ. ಆ ಅಂಕಿಯನ್ನು ಅವನು ಮನೆಗೆ ಹೋಗಿ ಹೇಳಿದ, ಮನೆಯವರು ಊರಿಗೆ ಹೇಳಿದರು. ನನ್ನ ಪ್ರಯೋಗ ನನಗೇ ತಿರುಗಿ ಬೀಳಲು ಹೊರಟಿದ್ದು ಅಲ್ಲಿಂದಲೇ.

ಮುಂದಿನ ವಾರ ನೇರಳೆಯ ಒಂದು ರೆಂಬೆಗೆ ಪ್ಲಾಸ್ಟಿಕ್ ಕವರ್ ಕಟ್ಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಕವರಿನಲ್ಲಿ ಎರಡು ಚಮಚ ನೀರು ಕೂಡಿತ್ತು. ಮರ ಬೆವರುತ್ತದೆ, ಬೆವರು ಮೋಡಕ್ಕೆ ಸೇರುತ್ತದೆ ಎಂದು ನಾನು ಶುರು ಮಾಡುವಷ್ಟರಲ್ಲಿ ಬಡಗಿ ಮೌನೇಶಪ್ಪನ ಮಗಳು ಅಂಬುಜಾ ಹಿಂದಿನ ಸಾಲಿನ ಆ ಹುಡುಗನ ಕಡೆ ತಿರುಗಿದಳು. "ಈಗ ಹೋಗಿ ನಿನ್ನ ಹೊಂಗೆ ನೆರಳಿಗೆ ಕವರ್ ಕಟ್ಟಿ ನೋಡೋ" ಅಂದಳು. ಅಬ್ಬಾ ಹುಡುಗಿಯೇ! ಮೂವತ್ತೊಂದು ವರ್ಷದಲ್ಲಿ ನನಗೆ ಅಂಥ ಒಂದು ವಾಕ್ಯ ಹೊಳೆದಿರಲಿಲ್ಲ.

ಅಂಬುಜಾ ಅಪ್ಪನ ಹಾಗೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವವಳು. ಯಾವಾಗಲೂ ನಾಲಿಗೆ ನೀಲಿ, ಬಿದ್ದ ನೇರಳೆ ಹಣ್ಣು ಆಯ್ದು ತಿಂದು ತಿಂದು. ಶಾಲೆಯ ಬಾವಿ ಅಳೆಯುವ ಕೆಲಸವನ್ನು ಅವಳಿಗೆ ಕೊಟ್ಟೆ. ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಪ್ರತಿ ಶುಕ್ರವಾರ ಇಳಿಬಿಡುತ್ತಿದ್ದಳು. ಬಾವಿಯ ಗೋಡೆಯಲ್ಲಿ ಹಳಬರು ಕೆತ್ತಿದ ನೀರಿನ ಗುರುತು ಎರಡು ಮಾರಿನಲ್ಲಿತ್ತು. ನೀರು ಆಗಲೇ ಐದು ಮಾರು ಕೆಳಗೆ ಹೋಗಿತ್ತು. "ನೆರಳು ಇದ್ದಷ್ಟೇ ಇದೆ ಮಿಸ್, ನೀರು ಮಾತ್ರ ಯಾಕೆ ಇಳೀತಿದೆ ಅಂತ ದೊಡ್ಡವರು ಯಾರೂ ಕೇಳಲ್ವಾ?" ಅಂದಳು. "ದೊಡ್ಡವರಿಗೆ ನಲ್ಲಿ ಇದೆಯಲ್ಲೇ" ಅಂದೆ.

ಆಮೇಲೆ ಧರ್ಮದ ಸರದಿ. ದೇವಸ್ಥಾನದ ಶೇಷಗಿರಿ ಜೋಯಿಸರು ಬಂದು, ಹತ್ತು ಮಕ್ಕಳಿಗೆ ಒಂದು ಮರ ಸಮ ಎಂದು ಪುರಾಣವೇ ಹೇಳಿದೆ ಎಂದು ಸೊಗಸಾಗಿ ವಿವರಿಸಿದರು. ಅಂಬುಜಾ ಕೈ ಎತ್ತಿ, "ಹಾಗಾದ್ರೆ ನಮ್ಮೂರಲ್ಲಿ ಒಟ್ಟು ಎಷ್ಟು ಮಕ್ಕಳು ಸತ್ತ ಹಾಗಾಯ್ತು ಜೋಯಿಸರೇ?" ಅಂದಳು. ಅವರು ನಕ್ಕು, "ಕಿಲಾಡಿ ಇದ್ದೀಯ" ಎಂದು ತಲೆ ಸವರಿದರು. ಮೌಲ್ವಿ ಇನಾಯತ್ ಸಾಹೇಬರು ಬಂದಾಗ ನನ್ನ ಕಣ್ಣಲ್ಲೇ ನೀರು ಬಂತು. ಲೋಕ ಮುಳುಗುವ ದಿನ ಬಂದರೂ ಕೈಯಲ್ಲಿ ಒಂದು ಸಸಿ ಇದ್ದರೆ ಮೊದಲು ಅದನ್ನು ನೆಡಿ ಎಂದು ಪ್ರವಾದಿಗಳು ಹೇಳಿದ್ದನ್ನು ಅವರು ಅಷ್ಟು ಮೆಲ್ಲಗೆ ಹೇಳಿದರು. ಫಾದರ್ ಬೊನವೆಂಚರ್ ದೊಡ್ಡ ಬಣ್ಣದ ಚಿತ್ರ ತಂದಿದ್ದರು. ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಉತ್ತು ಕಾಯುವುದಕ್ಕೆ, ಯಜಮಾನಿಕೆ ಮಾಡುವುದಕ್ಕಲ್ಲ ಅಂದರು. ಮಕ್ಕಳಿಗೆ ಪೆಪ್ಪರ್ಮೆಂಟು ಹಂಚಿ ಹೋದರು.

ಜೈನರು ಬೌದ್ಧರು ಊರಲ್ಲಿ ಯಾರೂ ಇಲ್ಲ. ಓದಿಕೊಂಡು ನಾನೇ ಹೇಳಿದೆ. ಹಸಿದ ಆರು ಜನ ಒಂದು ನೇರಳೆ ಮರ ಕಂಡ ಜೈನರ ಕಥೆ. ಒಬ್ಬ ಬುಡ ಕಡಿಯೋಣ ಅನ್ನುತ್ತಾನೆ, ಇನ್ನೊಬ್ಬ ಕೊಂಬೆ ಸಾಕು ಅನ್ನುತ್ತಾನೆ, ಹಾಗೇ ಇಳಿಯುತ್ತ ಇಳಿಯುತ್ತ ಆರನೆಯವನು ನೆಲದ ಮೇಲೆ ಬಿದ್ದ ಹಣ್ಣೇ ಹೊಟ್ಟೆಗೆ ಸಾಲುತ್ತದಲ್ಲ ಅನ್ನುತ್ತಾನೆ. ಅಂಬುಜಾ ನಾಲಿಗೆ ಚಾಚಿ ತೋರಿಸಿದಳು. "ಆರನೇದು ನಾನೇ ಮಿಸ್." ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಬದುಕಿನಲ್ಲಿ ನಾನು ಮೇಷ್ಟ್ರುಗಿರಿ ಮಾಡಿದ್ದು ಸಾರ್ಥಕ ಅನ್ನಿಸಿದ ದಿನ ಅದೊಂದೇ.

ವರ್ಷದ ಕೊನೆಗೆ ಪರಿಸರ ಜ್ಞಾನದ ಪರೀಕ್ಷೆ ಇಟ್ಟೆವು. ಅಂಬುಜಾ ಮೊದಲು ಬಂದಳು. ಬಹುಮಾನ ಏನು ಎಂದು ಶಾಲಾ ಸಮಿತಿಯ ಅಧ್ಯಕ್ಷ ಪರಮಶೆಟ್ಟಿ ಪ್ರಾರ್ಥನೆಯ ಹೊತ್ತಿನಲ್ಲಿ ಮೈಕ್ ಹಿಡಿದು ಹೇಳಿದ. ನಮ್ಮ ಮಕ್ಕಳ ಈ ಸಾಧನೆಯಿಂದ ಸಂತೋಷಪಟ್ಟು ಸಮಿತಿಯು ಒಂದು ಪರಿಸರ ಜ್ಞಾನ ಭವನ ಕಟ್ಟಲು ನಿರ್ಧರಿಸಿದೆ. ಜಾಗ, ನೇರಳೆ ಮರ ಇರುವ ಜಾಗ. ಮೊದಲ ಏಟಿನ ಗೌರವ, ಕುಮಾರಿ ಅಂಬುಜಾಗೆ. ಚಪ್ಪಾಳೆಯೋ ಚಪ್ಪಾಳೆ.

ನಾನು ಸೀದಾ ಅವನ ಎದುರಿಗೆ ಹೋಗಿ ನಿಂತೆ. "ತಲೆ ನೆಟ್ಟಗಿದೆಯೇನ್ರೀ ನಿಮಗೆ? ಪರಿಸರದ ಪಾಠಕ್ಕೆ ಅಂತ ಇರೋ ಒಂದು ಮರ ಕಡೀತೀರಾ?"

"ನೆರಳು ಎಲ್ಲೂ ಹೋಗಲ್ಲವಲ್ಲ ಟೀಚರ್. ಭವನದ ಮೇಲೇ ಬೀಳುತ್ತೆ, ಫ್ಯಾನೂ ಬೇಡ. ನಿಮ್ಮ ಥರ್ಮಾಮೀಟರೇ ಹೇಳಿದೆಯಂತಲ್ಲ, ಎರಡೂ ಒಂದೇ ಅಂತ." ಅವನು ವ್ಯಂಗ್ಯ ಮಾಡುತ್ತಿರಲಿಲ್ಲ. ನಿಜಕ್ಕೂ ನನ್ನನ್ನು ಹೊಗಳುತ್ತಿದ್ದ. "ಹುಡುಗಿಗೆ ಹನ್ನೆರಡು ವರ್ಷ, ಗಟ್ಟಿ ಮೈಕಟ್ಟು. ಇನ್ನು ಅರವತ್ತು ಎಪ್ಪತ್ತು ವರ್ಷ ಯೋಚನೆಯೇ ಇಲ್ಲ."

ಜೋಯಿಸರ ಮನೆಗೆ ಹೋದೆ. ವೇದಿಕೆಯ ಮೇಲೆ ಕೂತು ಒಂದೇ ಒಂದು ಮಾತು, ಬೇಡ ಅನ್ನಿ ಎಂದು ಬೇಡಿಕೊಂಡೆ. "ಮುಹೂರ್ತ ಇಟ್ಟುಕೊಟ್ಟಾಗಿದೆಯಲ್ಲ ತಾಯಿ" ಅಂದರು. ಮೌಲ್ವಿ ಸಾಹೇಬರು ಗಡ್ಡ ನೀವುತ್ತ, "ನಾವು ಒಬ್ಬರೇ ಬೇಡ ಅಂದ್ರೆ ಅದು ಬೇರೆ ಥರ ಆಗುತ್ತೆ ಬೆಹನ್" ಅಂದರು. ಅವರ ಕಷ್ಟ ನನಗೆ ಅರ್ಥವಾಯಿತು, ಆದರೂ ಸಿಟ್ಟು ಇಳಿಯಲಿಲ್ಲ. ಫಾದರ್ ತಾವು ಮರವನ್ನು ಆಶೀರ್ವದಿಸಿ ಕಳಿಸಿಕೊಡುವುದಾಗಿ ಹೇಳಿದರು. ಕಳಿಸಿಕೊಡುವುದಂತೆ! ಮೂರು ಮನೆಯಲ್ಲೂ ನನಗೆ ಒಳ್ಳೆಯ ಕಾಫಿ ಕೊಟ್ಟರು.

ಮೌನೇಶಪ್ಪನ ಅಂಗಡಿಗೆ ಹೋದಾಗ ಅವನು ಪುಟ್ಟ ಕೊಡಲಿಗೆ ಹಿಡಿ ಕೆತ್ತುತ್ತಿದ್ದ. "ಮಗು ಅಂಗೈಗೆ ಸರಿಯಾಗಿ ಕೂರೋ ಹಾಗೆ ಮಾಡ್ತಿದ್ದೀನಿ ನೋಡಿ ಟೀಚರ್. ನಮ್ಮ ತಾತ, ಅಪ್ಪ, ನಾನು, ಎಲ್ಲಾ ಊರಿನ ಮಕ್ಕಳಿಗೆ ಹಿಡಿ ಮಾಡಿ ಕೊಟ್ಟವರೇ. ಹಿಡಿಯೋ ಭಾಗ್ಯ ನಮ್ಮ ಮನೆಗೆ ಇದೇ ಮೊದಲು." ಅಂಬುಜಾ ಒಳಗಿನಿಂದ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು.

"ಏನು ಮಾಡ್ತೀಯೇ?" ಅಂದೆ.

"ನೀವು ಯೋಚನೆ ಮಾಡಬೇಡಿ ಮಿಸ್. ನನಗೆ ಗೊತ್ತು" ಅಂದಳು, ಅಪ್ಪನ ಕಡೆ ಒಮ್ಮೆ ನೋಡಿ. ಅಷ್ಟೇ. ಅವಳೂ ಊರಿನವರ ಕಡೆಗೇ ಹೋದಳು ಅಂದುಕೊಂಡೆ. ಚಪ್ಪಾಳೆ ಯಾರಿಗೆ ಬೇಡ? ಹನ್ನೆರಡು ವರ್ಷದ ಹುಡುಗಿ, ಹೊಸ ಲಂಗ, ಊರೆಲ್ಲ ಅವಳ ಹೆಸರು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವಳನ್ನು ಬೈದುಕೊಂಡೇ ಬಂದೆ.

ಕಡಿಯುವ ದಿನ ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ಮರದ ಪಕ್ಕದಲ್ಲೇ ಶಾಮಿಯಾನ ಹಾಕಿದ್ದರು, ಜೀವಂತ ಮರದ ನೆರಳನ್ನು ನಂಬದವರ ಹಾಗೆ. ವೇದಿಕೆಯ ಮೇಲೆ ಅಧ್ಯಕ್ಷ, ಅವನ ಎಡಬಲಕ್ಕೆ ಧರ್ಮದ ಮೂವರು, ಕೊನೆಯ ಕುರ್ಚಿಯಲ್ಲಿ ನಾನು. ಪಾಠ ರೂಪಿಸಿದ ಶಿಕ್ಷಕಿ ಎಂದು ನನಗೂ ಶಾಲು ಹೊದಿಸಿದರು. ಜೋಯಿಸರು ಮಂತ್ರ ಹೇಳಿದರು, ಸಾಹೇಬರು ದುವಾ ಮಾಡಿದರು, ಫಾದರ್ ನೀರು ಚಿಮುಕಿಸಿದರು. ಒಂದೇ ವೇದಿಕೆಯಲ್ಲಿ ಮೂರು ಧರ್ಮ ಕೂತಿದ್ದಕ್ಕೆ ಜನ ಕಣ್ಣೊರೆಸಿಕೊಂಡರು. ಮರದ ಮೇಲಿನ ಗಿಣಿಗಳು ಮಾತ್ರ ಗಲಾಟೆ ಮಾಡುತ್ತಿದ್ದವು.

ಅಂಬುಜಾ ಕೊಡಲಿ ತೆಗೆದುಕೊಂಡು ಬುಡದ ಹತ್ತಿರ ಹೋದಳು. ಒಂದು ಸುತ್ತು ಬಂದಳು. ಆಮೇಲೆ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕೊಡಲಿಯನ್ನು ತಲೆಯ ಮೇಲಕ್ಕೆ ಎತ್ತಿದಳು.

ನನಗೆ ಏನಾಯಿತೋ. ಬೆಲ್ಲದ ರುಚಿ ಬಾಯಿಗೆ ಬಂತು. ಶಾಲು ಬಿಸಾಕಿ ಓಡಿದೆ. ಅವಳ ಕೈಯಿಂದ ಕೊಡಲಿ ಕಿತ್ತುಕೊಂಡು ಊರಿನ ಕಡೆ ತಿರುಗಿ ಕೂಗಿದೆ. "ನನಗೆ ಐವತ್ತೈದು ವರ್ಷ, ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಎದೆಯಲ್ಲಿ ಒಂದು ನಾಳ ಕಟ್ಟಿದೆ! ತಗೊಳ್ಳಿ ನಿಮ್ಮ ನೆರಳು! ಐದು ವರ್ಷ ಬಂದರೆ ಹೆಚ್ಚು. ಆಮೇಲೆ ಬೇಯಿರಿ, ಆಗ ಬುದ್ಧಿ ಬರುತ್ತೆ!" ಎಂದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ತೊಗಟೆ ಹಾರಿತು. ಒಳಗೆ ಒದ್ದೆ ಕೆಂಪು.

ಅಂಬುಜಾ ಬರಿಗೈ ಇನ್ನೂ ಮೇಲಕ್ಕೇ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು.

"ನಾನು ಇಳಿಸೋದಕ್ಕೆ ಅಂತ ಎತ್ತಿದ್ದು ಮಿಸ್" ಅಂದಳು. "ಎಲ್ಲರಿಗೂ ಕಾಣೋ ಹಾಗೆ ಎತ್ತಿ, ಆಮೇಲೆ ಬುಡದಲ್ಲಿ ಇಡಬೇಕು ಅಂತ. ನಮ್ಮ ತಾತ ಹೇಳಿದ್ರು ಹಾಗೆ ಇದೆ ಅಂತ. ಅಪ್ಪನಿಗೆ ಗೊತ್ತಾದ್ರೆ ಬಿಡ್ತಿರಲಿಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ."

ಮೊದಲ ಏಟು ಬಿದ್ದಾಗಿತ್ತು. ಇನ್ನು ಯಾರ ಪದ್ಧತಿಯೂ ಮರವನ್ನು ಕಾಯುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಆಳುಗಳು ಕೆಲಸ ಮುಗಿಸಿದರು. ಗಿಣಿಗಳು ನೆರಳಿನ ಮೇಲೆ ಎರಡು ಸುತ್ತು ಹಾರಿ, ಕೂರಲು ಏನೂ ಸಿಗದೆ ಹೋದವು.

ಊರಿನವರು ಒಂದು ವಾರ ನನಗೆ ಶಾಪ ಹಾಕಿದರು. ಅರವತ್ತು ವರ್ಷದ ನೆರಳನ್ನು ಹಾಳು ಮಾಡಿದ ಮುದಿ ಗೂಬೆ ಅಂದರು. ಆಮೇಲೆ ಅವರಿಗೆ ಬುದ್ಧಿ ಬಂತು, ಆದರೆ ನಾನು ಅಂದುಕೊಂಡ ಬುದ್ಧಿಯಲ್ಲ. ಬಸ್ ನಿಲ್ದಾಣ, ಶಾಲೆ, ಎರಡೂ ನನ್ನ ಒಂದು ಉಸಿರಿನ ಮೇಲೆ ನಿಂತಿವೆ ಎಂದು ಲೆಕ್ಕ ಹಾಕಿ ಪರಮಶೆಟ್ಟಿ ಒಂದು ಆರೋಗ್ಯ ಸಮಿತಿ ಮಾಡಿದ. ದಿನಾ ಬೆಳಿಗ್ಗೆ ಅರ್ಧ ಲೀಟರ್ ಹಾಲು. ವಾರಕ್ಕೊಮ್ಮೆ ಡಾಕ್ಟರು ಮನೆಗೇ ಬರುತ್ತಾರೆ. ಅಂಗಡಿಯವರು ನನಗೆ ಉಪ್ಪಿನಕಾಯಿ ಕೊಡುವುದಿಲ್ಲ. ಎದೆಯ ನಾಳ ಬಿಡಿಸಲು ದೊಡ್ಡ ಊರಿಗೆ ಕರೆದುಕೊಂಡು ಹೋಗಿ ಬಂದರು. ಜೋಯಿಸರು ನನ್ನ ಹೆಸರಿನಲ್ಲಿ ಮೃತ್ಯುಂಜಯ ಜಪ ಮಾಡುತ್ತಾರೆ, ಮಸೀದಿಯಲ್ಲೂ ಚರ್ಚಿನಲ್ಲೂ ಪ್ರಾರ್ಥನೆ ನಡೆಯುತ್ತದೆ. ಒಂದು ಮರಕ್ಕಾಗಿ ಬಾಯಿ ಬಿಡದ ಮೂರು ದೇವರೂ ಈಗ ನನ್ನ ಬಿಪಿಗಾಗಿ ದುಡಿಯುತ್ತಿದ್ದಾರೆ. ಭವನದ ಗೋಡೆಯ ಮೇಲೆ ದೊಡ್ಡ ಹಸಿರು ಮರದ ಚಿತ್ರ ಬರೆಸಿದ್ದಾರೆ. ಅದರ ಕೆಳಗೆ ನಾನೇ ಪಾಠ ಮಾಡುತ್ತೇನೆ.

ಅಂಬುಜಾ ನನ್ನ ಜೊತೆ ಮಾತು ಬಿಟ್ಟಳು. ಜಗಳವೇನಿಲ್ಲ. ಊಟದ ಹೊತ್ತಿಗೆ ಎಲ್ಲರೂ ನೇರಳೆಯ ನೆರಳಿನಲ್ಲಿ ಕೂತರೆ ಅವಳು ಬಿಸಿಲಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳು. ಶುಕ್ರವಾರ ಮಾತ್ರ ಬಾವಿ ಅಳೆದು ಬಂದು ಅಂಕಿ ಹೇಳಿ ಹೋಗುತ್ತಿದ್ದಳು. ಆ ಪುಟ್ಟ ಕೊಡಲಿಯ ಅಲಗನ್ನು ಅಪ್ಪನ ಕೈಯಲ್ಲಿ ತೆಗೆಸಿ, ಹಿಡಿಗೆ ಹಗ್ಗ ಸುತ್ತಿಟ್ಟುಕೊಂಡಿದ್ದಾಳೆ. "ಆರು ಮಾರು ಮಿಸ್." "ಆರೂವರೆ ಮಿಸ್." ಹೈಸ್ಕೂಲಿಗೆ ಹೋದ ಮೇಲೂ ಅದನ್ನು ತಪ್ಪಿಸಲಿಲ್ಲ. ಶಾಲೆ ಮುಗಿಸಿ ನನ್ನ ಮನೆಯ ಬಾಗಿಲಿಗೇ ಬಂದು ಹೇಳುತ್ತಾಳೆ.

ಅಂಕಿ ಬಿಟ್ಟು ಅವಳು ಬೇರೆ ಮಾತು ಆಡಿದ್ದು ಒಮ್ಮೆ ಮಾತ್ರ. "ಎಂಟು ಮಾರು" ಎಂದವಳು ಹೋಗದೆ ನಿಂತಳು. "ಮಿಸ್, ಕೊಡಲಿ ನಿಮ್ಮ ಕೈಗೆ ಬಂತಲ್ಲ. ನೀವೂ ಇಳಿಸಬಹುದಿತ್ತಲ್ಲ?"

ನನ್ನ ತರಗತಿಯಲ್ಲಿ ಯಾವ ಪ್ರಶ್ನೆಯನ್ನೂ ನಾನು ಉತ್ತರಿಸದೆ ಬಿಟ್ಟವಳಲ್ಲ. ಅವತ್ತು ಬಿಟ್ಟೆ. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಇಳಿಸಿದ್ದರೆ ಮರಕ್ಕೆ ಕೆಲವು ವರ್ಷವಾದರೂ ಸಿಗುತ್ತಿತ್ತು, ಅವಳ ಕೈಯಲ್ಲೇ ಬಿಟ್ಟಿದ್ದರೆ ಅರವತ್ತು ವರ್ಷ ಸಿಗುತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಮರ ಬೇಕಾಗಿರಲಿಲ್ಲ. ಊರು ಬೇಯುವುದನ್ನು ನೋಡಬೇಕಾಗಿತ್ತು, ಮೂವತ್ತೊಂದು ವರ್ಷದಿಂದ ನಾನು ಹೇಳಿದ್ದೇ ಸರಿ ಎಂದು ಅವರ ಬಾಯಲ್ಲಿ ಅನ್ನಿಸಬೇಕಾಗಿತ್ತು. ನಾನು ಹೇಳಿಕೊಟ್ಟ ಪಾಠ ಒಂದು ಮಗುವಿಗಾದರೂ ನಾಟಿದೆ ಎಂದು ನಂಬದೆ ಹೋದವಳು ಇಡೀ ಊರಿನಲ್ಲಿ ನಾನೊಬ್ಬಳೇ. ಇದನ್ನೆಲ್ಲ ಆ ಹುಡುಗಿಗೆ ಯಾವ ಬಾಯಲ್ಲಿ ಹೇಳಲಿ? ಅವಳು ಹಗ್ಗ ಎತ್ತಿಕೊಂಡು ಹೋದಳು.

ಹೋದ ಶುಕ್ರವಾರ ಮತ್ತೆ ಬಂದಿದ್ದಳು. ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ನಾನು ಹಾಲಿನ ಲೋಟ ಹಿಡಿದು ಜಗುಲಿಯಲ್ಲಿ ಕೂತಿದ್ದೆ. ಅವಳು ಅಂಕಿ ಹೇಳಲಿಲ್ಲ. ಹಿಡಿಗೆ ಸುತ್ತಿದ ಹಗ್ಗವನ್ನು ನನ್ನ ಮುಂದೆ ಚಾಚಿದಳು. ತುದಿಯ ಕಲ್ಲು ಒಣಗಿತ್ತು.

"ಹಗ್ಗ ಸಾಲ್ತಿಲ್ಲ ಮಿಸ್" ಅಂದಳು.

ಲೋಟ ಕೆಳಗಿಟ್ಟು ಎದ್ದೆ. ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದ ಹಗ್ಗವನ್ನು ಬಿಚ್ಚಿ, ಸೀರೆಗಳನ್ನು ಕಲ್ಲಿನ ಮೇಲೆ ಹಾಕಿ, ಹಗ್ಗ ಅವಳ ಕೈಗೆ ಕೊಟ್ಟೆ. ಅವಳು ಅಲ್ಲೇ ನಿಂತು ಎರಡನ್ನೂ ಸೇರಿಸಿ ಗಂಟು ಹಾಕಿದಳು, ಎಳೆದು ನೋಡಿದಳು, ತೋಳಗಲಿಸಿ ಅಳೆದು ಮಾರಿಗೊಂದು ಗಂಟು ಹಾಕಿದಳು. ಆಮೇಲೆ ಬಿಸಿಲಿಗಿಳಿದು ಶಾಲೆಯ ಕಡೆ ನಡೆದಳು. ನಾನು ಒಳಗೆ ಬಂದು ಮಾತ್ರೆ ನುಂಗಿದೆ.